ಹೆಗಲ ಚೀಲದಲ್ಲಿ ಮಂಗಳೂರು

ಫರೀದಾಬಾದಿನ ನಮ್ಮ ಕನ್ನಡ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಊರಿನ ಮಾತು ಬಂತೆಂದೇ ಅರ್ಥ. ಪರೀಕ್ಷೆ ಮುಗಿಯಿತೆ, ರಜೆ ಮಂಜೂರಾಯಿತೆ, ರೈಲಿನ ಟಿಕೆಟ್ಟು ಸಿಕ್ಕಿತೆ ಎಂಬ ಮೂರು ಪ್ರಶ್ನೆಗಳು ಬಾಟಾ ಚೌಕದಿಂದ ಬಲ್ಲಭಗಢದವರೆಗೆ ಮನೆಮನೆಯಲ್ಲಿಯೂ ಕೇಳಿಬರುತ್ತವೆ. ಊರಿಗೆ ಹೋಗುತ್ತೇವೆ. ಒಂದು ಮದುವೆ, ಒಂದು ಗೃಹಪ್ರವೇಶ, ಅಜ್ಜಿಯ ಕಣ್ಣಿನ ಚಿಕಿತ್ಸೆ, ಜಮೀನಿನ ಕಾಗದಪತ್ರಕ್ಕೆಂದು ತಾಲೂಕು ಕಚೇರಿಗೆ ಎರಡು ಸಲದ ಓಡಾಟ, ಇಷ್ಟರಲ್ಲಿ ರಜೆ ತೀರುತ್ತದೆ. ಹಿಂತಿರುಗಿ ಬರುತ್ತೇವೆ. ಮಕ್ಕಳು ಕಂಡ ಕರ್ನಾಟಕವೆಂದರೆ ಅಜ್ಜಿಯ ಮನೆಯ ಜಗಲಿ, ಚಿಕ್ಕಪ್ಪನ ಕಾರಿನ ಕಿಟಕಿ, ಕಲ್ಯಾಣಮಂಟಪದ ಊಟದ ಪಂಕ್ತಿ. ಇದರಿಂದ ನಂಟುತನ ಉಳಿಯುತ್ತದೆ, ಸಂದೇಹವಿಲ್ಲ. ಆದರೆ ನಾಡಿನ ಪರಿಚಯವಾಗುತ್ತದೆಯೆ?

“ನಾಡು ತೋರಿಸಬೇಕೆಂದರೆ ದುಡ್ಡು ಬೇಡವೆ?” ಎಂದು ತಂದೆತಾಯಿಗಳು ಕೇಳುತ್ತಾರೆ. ರೈಲಿನ ಖರ್ಚಿಗೇ ಬೋನಸ್ಸು ಕರಗಿಹೋಗುವಾಗ, ಟ್ಯಾಕ್ಸಿ ಮಾಡಿಸಿ ಹೋಟೆಲು ಹಿಡಿದು ಊರು ಸುತ್ತಿಸುವುದು ಸಂಬಳದ ಮನೆಗೆ ಎಲ್ಲಿಂದ ಸಾಧ್ಯ? ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ನಾನು ಕೊಡುವುದಕ್ಕೆ ಮೊದಲೇ ನಮ್ಮ ಬೀದಿಯ ಅಣ್ಣ ತಂಗಿ ಇಬ್ಬರು ಕಳೆದ ಡಿಸೆಂಬರಿನಲ್ಲಿ ಕೊಟ್ಟುಬಿಟ್ಟರು. ಅಣ್ಣ ಎಂಜಿನಿಯರಿಂಗಿನ ಕೊನೆಯ ವರ್ಷದವನು. ತಂಗಿ ಈಗಷ್ಟೆ ಕಾಲೇಜು ಸೇರಿದವಳು. ಹಾಸನದ ಅಜ್ಜಿಯ ಮನೆಗೆ ಹೋದವರು, ಒಂದು ಹಗಲು ಮಂಗಳೂರನ್ನು ನೋಡಿ ಬರುತ್ತೇವೆಂದು ಹೊರಟರು. ತಾವೇ ಕೆಲವು ನಿಯಮಗಳನ್ನು ಮಾಡಿಕೊಂಡರು. ಹೆಗಲಿಗೆ ಒಂದೊಂದೇ ಚೀಲ. ಹೋಗಿ ಬರುವ ರಾತ್ರಿ ಬಸ್ಸಿನ ಚಾರ್ಜು ಬಿಟ್ಟರೆ ಒಬ್ಬೊಬ್ಬರ ಕೈಯಲ್ಲಿ ಐನೂರು ರೂಪಾಯಿಯ ಒಂದು ನೋಟು. ಆಟೋ ಹತ್ತತಕ್ಕದ್ದಲ್ಲ. ನಂಟರ ಮನೆಗೆ ಹೋಗತಕ್ಕದ್ದಲ್ಲ. ಬೆಳಗಿನಿಂದ ಸಂಜೆಯವರೆಗೆ ಖರ್ಚಾದ ಪ್ರತಿ ರೂಪಾಯಿಯನ್ನೂ ಬರೆದಿಡತಕ್ಕದ್ದು.

ಆ ಲೆಕ್ಕದ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಬರೆದವಳು ತಂಗಿ. ಲೆಕ್ಕದ ನಡುನಡುವೆ ಕಂಡದ್ದನ್ನೂ ಕೇಳಿದ್ದನ್ನೂ ಬರೆದಿದ್ದಾಳೆ. ಹಿಂದೆ ಆ ಊರಿನಲ್ಲಿ ಕೆಲವು ವರ್ಷ ನೌಕರಿ ಮಾಡಿದವನೆಂದು ನನಗೆ ಓದಲು ಕೊಟ್ಟರು. ಅವರ ದಿನಚರಿಗೆ ನಾನು ಬಲ್ಲ ನಾಲ್ಕು ಮಾತು ಸೇರಿಸಿ ಈ ಸಲದ ಅಂಕಣವನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಹಾಸನದಿಂದ ಹೊರಟ ಸರ್ಕಾರಿ ಬಸ್ಸು ಶಿರಾಡಿ ಘಾಟಿಯನ್ನು ಇಳಿದು ಬೆಳಗಾಗುವ ಮೊದಲೇ ಅವರನ್ನು ಬಿಜೈ ನಿಲ್ದಾಣದಲ್ಲಿ ಇಳಿಸಿತು. ಲೆಕ್ಕದ ಮೊದಲ ಪುಟದಲ್ಲಿಯೇ ಒಂದು ದೂರು ಉಂಟು. ೨೦೨೩ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಂತೆ ಕರ್ನಾಟಕದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವೆಂದು ಕೇಳಿ ತಂಗಿ ಹಿಗ್ಗಿದ್ದಳು. ಆದರೆ ಆ ಸೌಲಭ್ಯ ಇರುವುದು ಕರ್ನಾಟಕದ ನಿವಾಸಿಗಳಿಗೆ. ಇವಳ ಆಧಾರ್ ಚೀಟಿಯಲ್ಲಿ ಹರಿಯಾಣದ ವಿಳಾಸ! ಕಂಡಕ್ಟರು ಚೀಟಿಯನ್ನು ತಿರುಗಿಸಿ ನೋಡಿ, “ಮಾತು ನಮ್ಮೂರಿನದು, ವಿಳಾಸ ಮಾತ್ರ ನಮ್ಮದಲ್ಲವಲ್ಲಮ್ಮ” ಎಂದು ಟಿಕೆಟ್ಟು ಹರಿದು ಕೊಟ್ಟನಂತೆ. ಹೊರನಾಡ ಕನ್ನಡಿಗರ ಕಥೆಯೆಲ್ಲ ಆ ಒಂದು ಮಾತಿನಲ್ಲಿಯೇ ಅಡಗಿದೆಯೆಂದು ನನಗನ್ನಿಸಿತು.

ನಿಲ್ದಾಣದಲ್ಲಿ ಮುಖ ತೊಳೆದು, ಹತ್ತಿರದ ಹೋಟೆಲಿನಲ್ಲಿ ಬನ್ಸು ತಿಂದು ಚಹಾ ಕುಡಿದರು. ಬನ್ಸೆಂದರೆ ಬೇಕರಿಯ ಬನ್ನಲ್ಲ. ಬಾಳೆಹಣ್ಣನ್ನು ಮೈದಾದಲ್ಲಿ ಕಲಸಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಎಣ್ಣೆಯಲ್ಲಿ ಕರಿದ, ಉಬ್ಬಿದ ಸಿಹಿಪೂರಿ. ಅಲ್ಲಿಂದ ಸಿಟಿ ಬಸ್ಸು. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರವು. ಬಾಗಿಲಿನಲ್ಲಿ ನಿಂತ ಕಂಡಕ್ಟರು “ರೈಟ್, ಪೋಯಿ!” ಎಂದು ಕೂಗಿದನೆಂದರೆ ಬಸ್ಸು ಹೊರಟಿತೆಂದು ತಿಳಿಯಬೇಕು. ‘ಪೋಯಿ’ ಎಂದರೆ ತುಳುವಿನಲ್ಲಿ ‘ಹೋಗೋಣ’. ಇಲ್ಲಿ ಅಣ್ಣನಿಗೆ ಮೊದಲ ಕಷ್ಟ ಎದುರಾಯಿತು. ಬಸ್ಸುಗಳ ಬೋರ್ಡು ಕನ್ನಡದಲ್ಲಿ. ಅವನು ಕನ್ನಡವನ್ನು ಚೆನ್ನಾಗಿ ಆಡಬಲ್ಲ, ಓದಲಾರ. ತಂಗಿ ನಮ್ಮ ಸಂಘದ ಭಾನುವಾರದ ತರಗತಿಗೆ ಮೂರು ವರ್ಷ ಬಂದವಳು. ಆ ದಿನವೆಲ್ಲ ಬಸ್ಸಿನ ಬೋರ್ಡು ಓದಿದವಳು ಅವಳೇ. ಈ ಸಂಗತಿಯನ್ನು ಅವಳು ಲೆಕ್ಕದ ಪುಸ್ತಕದಲ್ಲಿ ಒಂದು ಸಲವಲ್ಲ, ನಾಲ್ಕು ಸಲ ಬರೆದಿದ್ದಾಳೆ!

ಸ್ಟೇಟ್ ಬ್ಯಾಂಕ್ ಎಂದು ಕರೆಯುವ ಬಸ್ ನಿಲ್ದಾಣದಲ್ಲಿ ಇಳಿದು ಕಾಲ್ನಡಿಗೆಯಲ್ಲಿ ಹಳೆಯ ಬಂದರಿಗೆ ಹೋದರು. ನೇತ್ರಾವತಿ, ಗುರುಪುರ ಎಂಬ ಎರಡು ನದಿಗಳು ಇಲ್ಲಿ ಸೇರಿ ಕಡಲಿಗೆ ಬೀಳುತ್ತವೆ. ಈ ಅಳಿವೆಯೇ ಊರಿನ ಅದೃಷ್ಟ. ದೊಡ್ಡ ಹಡಗುಗಳು ಈಗ ೧೯೭೫ರಲ್ಲಿ ಉದ್ಘಾಟನೆಯಾದ ಪಣಂಬೂರಿನ ನವಮಂಗಳೂರು ಬಂದರಿಗೆ ಹೋಗುತ್ತವೆ. ಹಳೆಯ ಬಂದರಿನ ದಕ್ಕೆಯಲ್ಲಿ ಈಗ ಮೀನಿನ ದೋಣಿಗಳ ಸಂಭ್ರಮ. ಬೆಳಗಿನ ಹೊತ್ತು ಅಲ್ಲಿ ಬಂಗುಡೆ, ಬೂತಾಯಿ, ಅಂಜಲ್ ಮೀನುಗಳ ಬುಟ್ಟಿಗಳು ಇಳಿಯುವುದನ್ನೂ, ಮೊಗವೀರ ಹೆಂಗಸರು ಹರಾಜಿನಲ್ಲಿ ದಲ್ಲಾಳಿಗಳ ಬಾಯಿ ಮುಚ್ಚಿಸುವುದನ್ನೂ ನೋಡುವುದಕ್ಕೆ ಟಿಕೆಟ್ಟಿಲ್ಲ. ಸಸ್ಯಾಹಾರಿಗಳಾದ ಈ ಮಕ್ಕಳು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಒಂದು ಗಂಟೆ ನೋಡಿದರಂತೆ. ಹೋಗುವವರು ಒಂದು ಮಾತನ್ನು ನೆನಪಿಡಬೇಕು: ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಆಗ ದಕ್ಕೆ ನಿದ್ದೆ ಹೋಗಿರುತ್ತದೆ.

ದಕ್ಕೆಯ ಹಿಂದಿನ ಓಣಿಗಳಲ್ಲಿ ಹಳೆಯ ಗೋದಾಮುಗಳು, ಕೆಂಪು ಹೆಂಚಿನ ಮಾಡುಗಳು. ಅಲ್ಲಿಯೇ ಜೀನತ್ ಬಕ್ಷ್ ಮಸೀದಿ ಉಂಟು. ಇಸ್ಲಾಮಿನ ಮೊದಲ ಶತಮಾನದಲ್ಲಿಯೇ ಅರಬ್ ದೇಶದಿಂದ ಬಂದವರು ಕಟ್ಟಿಸಿದರೆಂಬುದು ಪರಂಪರೆಯ ನಂಬಿಕೆ. ಮುಂದೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅದರ ಜೀರ್ಣೋದ್ಧಾರವಾಯಿತು. ಒಳಗೆ ಮರದ ಕೆತ್ತನೆಯ ಕಂಬಗಳಿವೆ. ಈ ಓಣಿಗಳಲ್ಲಿ ನಡೆಯುವಾಗ ಇಬ್ಬರು ಪುರಾತನ ಪರದೇಶಿಗಳನ್ನು ನೆನೆಯದಿದ್ದರೆ ಯಾತ್ರೆ ಪೂರ್ತಿಯಾಗದು. ಒಬ್ಬ, ೧೪ನೆಯ ಶತಮಾನದ ನಡುವೆ ಬಂದ ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತಾ. ಪಾರಸ, ಯೆಮೆನ್ ದೇಶಗಳ ವರ್ತಕರು ಇಲ್ಲಿ ಬಂದಿಳಿಯುತ್ತಾರೆಂದೂ, ಮೆಣಸು ಶುಂಠಿಗಳು ಇಲ್ಲಿ ಹೇರಳವೆಂದೂ ಅವನು ಬರೆದಿಟ್ಟಿದ್ದಾನೆ.

ಇನ್ನೊಬ್ಬನ ಕಥೆ ನಮಗೆ ಇನ್ನೂ ಹತ್ತಿರದ್ದು. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಆಫ್ರಿಕದ ಉತ್ತರ ತೀರದಲ್ಲಿ, ಈಗಿನ ಟ್ಯುನೀಸಿಯದ ಮಹ್ದಿಯಾ ಎಂಬ ಊರಿನ ಯೆಹೂದಿ ವರ್ತಕ. ೧೧೩೨ರ ಹೊತ್ತಿಗೆ ಮಂಗಳೂರಿಗೆ ಬಂದು ೧೧೪೯ರವರೆಗೆ, ಸುಮಾರು ಹದಿನೇಳು ವರ್ಷ, ಇಲ್ಲಿ ಮನೆ ಮಾಡಿದ್ದನು. ಮೆಣಸು, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳಿಸುತ್ತಿದ್ದನು. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದನು. ಏಡನ್ನಿನ ಗೆಳೆಯರು ಅವನಿಗೆ ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ಕಟ್ಟಿ ಕಳಿಸುತ್ತಿದ್ದರು. ಊರಿನಿಂದ ಬರುವವರ ಕೈಯಲ್ಲಿ ಹಪ್ಪಳ, ಸಾರಿನ ಪುಡಿ, ಕಾಫಿಪುಡಿ ತರಿಸಿಕೊಳ್ಳುವ ನಮ್ಮ ಮನೆಗಳಿಗೂ ಆ ಮನೆಗೂ ಏನು ವ್ಯತ್ಯಾಸ? ಆಶು ಎಂಬ ಈ ದೇಶದ ದಾಸಿಯನ್ನು ೧೧೩೨ರಲ್ಲಿ ಬಿಡುಗಡೆ ಮಾಡಿ ಅವಳೊಡನೆ ಸಂಸಾರ ಹೂಡಿದನು. ಮಕ್ಕಳಾದರು. ಅವನ ವ್ಯಾಪಾರಕ್ಕಾಗಿ ಕಡಲಾಚೆ ಹೋಗಿ ಬರುತ್ತಿದ್ದ ಆಳು ಬೊಮ್ಮ.

ಇದೆಲ್ಲ ನಮಗೆ ತಿಳಿದುದು ಹೇಗೆ? ದೇವರ ಹೆಸರು ಬರೆದ ಕಾಗದವನ್ನು ಹರಿದು ಎಸೆಯಬಾರದೆಂಬ ನಂಬಿಕೆಯಿಂದ ಕೈರೋ ನಗರದ ಯೆಹೂದಿಗಳು ತಮ್ಮ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಹಳೆಯ ಕಾಗದಗಳನ್ನೆಲ್ಲ ತುಂಬುತ್ತಿದ್ದರು. ೧೯ನೆಯ ಶತಮಾನದ ಕೊನೆಯಲ್ಲಿ ಆ ರಾಶಿ ವಿದ್ವಾಂಸರ ಕೈಗೆ ಸಿಕ್ಕಿತು. ಅದರಲ್ಲಿ ಬೆನ್ ಯಿಜುವಿನ ಪತ್ರಗಳೂ ಇದ್ದುವು. ಅಮಿತಾವ್ ಘೋಷ್ ಎಂಬ ಲೇಖಕರು ಈ ಪತ್ರಗಳ ಜಾಡು ಹಿಡಿದು ಬೊಮ್ಮನನ್ನು ಹುಡುಕಿಕೊಂಡು ಮಂಗಳೂರಿಗೂ ಬಂದು, ೧೯೯೨ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಎಂಟುನೂರು ವರ್ಷ ಮೀರಿದ ಹಿಂದಿನ ಮಂಗಳೂರಿನ ಒಂದು ಮನೆಯ ಜಮಾಖರ್ಚು ನಮಗೆ ಗೊತ್ತು; ಏಕೆಂದರೆ ಯಾರೋ ಕಾಗದಗಳನ್ನು ಬಿಸಾಡಲಿಲ್ಲ.

ಬಂದರಿನಿಂದ ಹಂಪನಕಟ್ಟೆಯ ಕಡೆಗೆ ಏರುದಾರಿ. ಈ ಊರು ಬ್ಯಾಂಕುಗಳ ತವರೂ ಹೌದು. ಕೆನರಾ ಬ್ಯಾಂಕು ೧೯೦೬ರಲ್ಲಿ, ಕರ್ಣಾಟಕ ಬ್ಯಾಂಕು ೧೯೨೪ರಲ್ಲಿ, ವಿಜಯಾ ಬ್ಯಾಂಕು ೧೯೩೧ರಲ್ಲಿ ಇಲ್ಲಿ ಹುಟ್ಟಿದುವು. ವಿಜಯಾ ಬ್ಯಾಂಕು ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಯಿತು. ದೆಹಲಿಯ ಸುತ್ತ ನೆಲೆಸಿದ ಎಷ್ಟೋ ಕನ್ನಡ ಸಂಸಾರಗಳು ಈ ಬ್ಯಾಂಕುಗಳ ವರ್ಗಾವಣೆಯ ಆದೇಶವನ್ನು ಕಿಸೆಯಲ್ಲಿಟ್ಟುಕೊಂಡೇ ಬಂದಿಳಿದವು. ಆದುದರಿಂದ ಈ ಬೀದಿಯಲ್ಲಿ ನಡೆಯುವುದು ನಮ್ಮ ಮಕ್ಕಳಿಗೆ ತಮ್ಮದೇ ವಂಶಾವಳಿಯ ಒಂದು ಪುಟವನ್ನು ಓದಿದಂತೆ.

ಗುಡ್ಡದ ನೆತ್ತಿಯೇ ಬಾವುಟಗುಡ್ಡೆ. ೧೮೩೭ರ ಏಪ್ರಿಲ್ ೫ರಂದು ಸುಳ್ಯ, ಬೆಳ್ಳಾರೆಗಳ ಕಡೆಯಿಂದ ಬಂದ ರೈತರ ದಂಡು ಕಂಪನಿ ಸರ್ಕಾರದ ಧ್ವಜವನ್ನು ಇಳಿಸಿ ತಮ್ಮ ಬಾವುಟವನ್ನು ಇಲ್ಲಿ ಏರಿಸಿತು. ಕಂಪನಿಯವರು ಕಂದಾಯವನ್ನು ಹಣದಲ್ಲಿಯೇ ಕಟ್ಟಬೇಕೆಂದು ಹಟ ಹಿಡಿದುದು ರೈತರ ಸಿಟ್ಟಿಗೆ ಒಂದು ಕಾರಣ. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ೧೮೫೭ಕ್ಕೆ ಇಪ್ಪತ್ತು ವರ್ಷ ಮೊದಲಿನ ಮಾತಿದು. ನಮ್ಮ ಮಕ್ಕಳ ಇಲ್ಲಿಯ ಶಾಲೆಯ ಪುಸ್ತಕದಲ್ಲಿ ಕಾಣಸಿಗುವುದು ಅಪರೂಪ. ಆ ದಂಡಿನ ಮುಂದಾಳುಗಳಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು ೨೦೨೨ರಲ್ಲಿ ಇಲ್ಲಿ ನಿಲ್ಲಿಸಿದ್ದಾರೆ.

ಅದೇ ಗುಡ್ಡದ ಮೇಲೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯ. ಹೊರಗಿನಿಂದ ಸಾಧಾರಣ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲವೂ ಚಿತ್ರ. ಇಟಲಿಯ ಬೆರ್ಗಮೋ ಕಡೆಯ ಅಂತೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಸೋದರ ೧೮೯೯ರಿಂದ ೧೯೦೧ರವರೆಗೆ ಸಾರುವೆಯ ಮೇಲೆ ನಿಂತು ಬರೆದದ್ದು. ಬಣ್ಣ ಬಳಿದ ಆ ಕೈ ೧೯೦೫ರಲ್ಲಿ ಕೊಚ್ಚಿಯಲ್ಲಿ ನಿಂತಿತು, ತವರಿಗೆ ಮರಳಲಿಲ್ಲ. “ಅಂಕಲ್, ಕತ್ತು ನೋಯುವವರೆಗೆ ನೋಡಿದೆವು” ಎಂದ ಹುಡುಗ. (ನಮ್ಮ ಕಡೆ ಮಾವ ಎನ್ನುತ್ತಿದ್ದರು, ಇಲ್ಲಿ ಹುಟ್ಟಿದ ಮಕ್ಕಳಿಗೆ ನಾವೆಲ್ಲ ಅಂಕಲ್‌ಗಳೇ.)

ಗುಡ್ಡ ಇಳಿದು ಪೂರ್ವಕ್ಕೆ ನಡೆದರೆ ಬಲ್ಮಠ. ಕನ್ನಡವನ್ನು ಓದಬಲ್ಲ ಪ್ರತಿಯೊಬ್ಬನೂ ಒಮ್ಮೆ ನಿಂತು ಕೈಮುಗಿಯಬೇಕಾದ ಜಾಗ. ಸ್ವಿಟ್ಸರ್ಲೆಂಡಿನ ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅವರು ಬಂದದ್ದು ತಮ್ಮ ಮತವನ್ನು ಸಾರಲು. ಆದರೆ ಶಾಲೆ, ಅಚ್ಚುಕೂಟ, ನೇಯ್ಗೆ, ಹೆಂಚು ಎಲ್ಲವೂ ಜೊತೆಗೆ ಬಂದುವು. ೧೮೬೫ರಲ್ಲಿ ಅವರು ನೇತ್ರಾವತಿಯ ದಂಡೆಯಲ್ಲಿ ಆರಂಭಿಸಿದ ಕಾರ್ಖಾನೆಯಿಂದಲೇ ‘ಮಂಗಳೂರು ಹೆಂಚು’ ಎಂಬ ಹೆಸರು ಊರೂರಿಗೆ ಹಬ್ಬಿತು. ಅವರಲ್ಲೊಬ್ಬ, ಜರ್ಮನಿಯ ಹೆರ್ಮನ್ ಮೋಗ್ಲಿಂಗ್, ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಕನ್ನಡದ ಮೊದಲ ವೃತ್ತಪತ್ರಿಕೆ ಅದು. ಪಕ್ಷಕ್ಕೊಮ್ಮೆ, ಕಲ್ಲಚ್ಚಿನಲ್ಲಿ ಹೊರಬರುತ್ತಿತ್ತು. ಮುಂದಿನ ವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಆ ನೆನಪಿಗೆಂದೇ ಕರ್ನಾಟಕದಲ್ಲಿ ಜುಲೈ ೧ ಪತ್ರಿಕಾ ದಿನ. ನೀವು ಈಗ ಕೈಯಲ್ಲಿ ಹಿಡಿದಿರುವ ನಮ್ಮ ಈ ಪುಟ್ಟ ತ್ರೈಮಾಸಿಕವೂ ಆ ಬಳ್ಳಿಯ ಒಂದು ಕುಡಿಯೇ. ೧೮೫೩ರಲ್ಲಿ ಇಂಡಿಯಕ್ಕೆ ಬಂದ ಫೆರ್ಡಿನೆಂಡ್ ಕಿಟ್ಟೆಲ್ ದಶಕಗಳ ಕಾಲ ಬೆವರು ಸುರಿಸಿ ರಚಿಸಿದ ಕನ್ನಡ ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಅಚ್ಚಾದುದೂ ಈ ಊರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿಯೇ.

ಹೊಟ್ಟೆಯ ವಿಷಯ ಹೇಳದೆ ಬಿಡಲಾಗದು. ಮಧ್ಯಾಹ್ನ ಒಂದು ಸಣ್ಣ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದು ಹಾಕಿದ ಸಾಂಬಾರು, ಹೆಸರುಕಾಳಿನ ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ. ಕೆಂಪಗಿನ ದಪ್ಪ ಅಕ್ಕಿಯನ್ನು ಕಂಡು ಅಣ್ಣ ಮೊದಲು ಹಿಂಜರಿದನಂತೆ; ಆಮೇಲೆ ಎರಡು ಸಲ ಬಡಿಸಿಕೊಂಡನಂತೆ. ಈ ಕರಾವಳಿಯ ದೊಡ್ಡ ದೇವಸ್ಥಾನಗಳಲ್ಲಿ ಮಧ್ಯಾಹ್ನದ ಊಟವನ್ನು ಪ್ರಸಾದವೆಂದು ಬಡಿಸುವ ಪದ್ಧತಿಯೂ ಉಂಟು. ಕೈಯಲ್ಲಿ ಕಾಸಿಲ್ಲದ ಯಾತ್ರಿಕನೂ ಉಪವಾಸ ಬೀಳುವ ನೆಲವಲ್ಲ ಇದು.

ಊಟದ ಮೇಲೆ ಬಸ್ಸಿನಲ್ಲಿ ಕದ್ರಿ. ಮಂಜುನಾಥನ ದೇವಾಲಯದಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿಯೊಂದುಂಟು. ಆಳುಪ ರಾಜ ಕುಂದವರ್ಮ ೯೬೮ರಲ್ಲಿ ಅದನ್ನು ಸ್ಥಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಲೋಕೇಶ್ವರ ಬೌದ್ಧರ ದೇವತೆ, ಗುಡಿ ಶಿವನದು, ಗುಡ್ಡದ ಮೇಲೆ ನಾಥಪಂಥದ ಜೋಗಿಗಳ ಮಠ. ಒಂದೇ ಗುಡ್ಡ ಇಷ್ಟು ಜನರಿಗೆ ಸಾಕಾಗಿತ್ತು. ದೇವಾಲಯದ ಹಿಂದೆ ಗೋಮುಖದಿಂದ ಬರುವ ನೀರು, ಸಾಲು ಕೆರೆಗಳು. ನಮ್ಮ ಫರೀದಾಬಾದಿನ ಸೂರಜ್‌ಕುಂಡವೂ ಆ ೧೦ನೆಯ ಶತಮಾನದ್ದೇ ಎಂಬುದನ್ನು ನಾನು ಹೇಳಿದಾಗ ಮಕ್ಕಳಿಗೆ ಆಶ್ಚರ್ಯ. ಅಲ್ಲಿ ಮೇಳಕ್ಕೆ ಹೋಗಿ ಚಾಟ್ ತಿಂದು ಬರುತ್ತಾರೆ; ಕುಂಡವನ್ನು ನೋಡಿದವರು ಎಷ್ಟು ಮಂದಿ?

ಸಂಜೆಗೆ ಕಡಲು. ಬೋಳೂರಿನ ಸುಲ್ತಾನ್ ಬತ್ತೇರಿಗೆ ಬಸ್ಸಿನಲ್ಲಿ ಹೋದರು. ಗುರುಪುರ ನದಿಯೊಳಗೆ ಶತ್ರುಗಳ ಹಡಗು ನುಗ್ಗದಂತೆ ಕಾವಲಿಗೆಂದು ಟಿಪ್ಪು ೧೭೮೪ರಲ್ಲಿ ಕರಿಗಲ್ಲಿನಲ್ಲಿ ಕಟ್ಟಿಸಿದ ಬುರುಜು. ಅದೇ ವರ್ಷ ಮಾರ್ಚ್ ೧೧ರಂದು ಕಂಪನಿಯವರೊಡನೆ ಮಂಗಳೂರಿನ ಒಪ್ಪಂದವಾಯಿತು. ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದುದೂ ಆ ೧೭೮೪ರಲ್ಲಿಯೇ. ಆ ದುಃಖ ಇಲ್ಲಿಯ ಮನೆಗಳಲ್ಲಿ ಇನ್ನೂ ನೆನಪಾಗಿ ಉಳಿದಿದೆ. ಬುರುಜಿನ ತೂತುಗಳಿಂದ ಹೊಳೆಯನ್ನು ನೋಡುವಾಗ ಎರಡನ್ನೂ ನೆನೆಯಬೇಕು. ಬತ್ತೇರಿಯ ಬುಡದಿಂದ ದೋಣಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಆಚೆಯ ದಂಡೆ. ನಡೆದುಹೋದರೆ ತಣ್ಣೀರುಬಾವಿಯ ಮರಳು. ಬಂದರಿಗೆ ಕಾದು ನಿಂತ ಹಡಗುಗಳ ನಡುವೆ ಸೂರ್ಯ ಮುಳುಗಿದ. ಗೋಳಿಬಜೆಯ ಪೊಟ್ಟಣ ಕೈಯಲ್ಲಿ. ಹೆಗಲ ಚೀಲವೇ ತಲೆದಿಂಬು.

ರಾತ್ರಿ ಬಸ್ಸಿಗೆ ಕಾಯುತ್ತ ಲೆಕ್ಕ ಹಾಕಿದಾಗ ಎರಡು ನೋಟುಗಳಲ್ಲಿ ನೂರು ರೂಪಾಯಿಗೂ ಮೇಲೆ ಉಳಿದಿತ್ತು. ಅದಕ್ಕೆ ಅಜ್ಜಿಗೆಂದು ಒಂದು ಅಟ್ಟೆ ಮಲ್ಲಿಗೆ ಕೊಂಡರು.

ಇಲ್ಲಿಗೆ ಖರ್ಚಿನ ಲೆಕ್ಕ ಮುಗಿಯಿತು. ಆದರೆ ಪುಸ್ತಕದ ಕೊನೆಯ ಪುಟದಲ್ಲಿ ಹುಡುಗಿ ಮತ್ತೆ ಆಶುವಿನ ಮಾತು ಎತ್ತಿದ್ದಾಳೆ. ಅವಳ ಪ್ರಶ್ನೆ ಹೀಗಿದೆ: ‘ಆ ವರ್ತಕನ ಪತ್ರಗಳು ಇವೆ. ಅವನ ಗೆಳೆಯರ ಪತ್ರಗಳೂ ಇವೆ. ಆಶುವಿನ ಮಾತು ಒಂದಾದರೂ ಎಲ್ಲಿದೆ?’

ಎಲ್ಲಿಯೂ ಇಲ್ಲ. ಅವಳನ್ನು ಬಿಡುಗಡೆ ಮಾಡಿದ ಕಾಗದ ಉಂಟು. ಅವಳು ಆಡಿದ ಮಾತು ಒಂದೂ ಉಳಿದಿಲ್ಲ. ೧೧೪೯ರಲ್ಲಿ ಬೆನ್ ಯಿಜು ಮಕ್ಕಳೊಡನೆ ಏಡನ್ನಿಗೆ ಹೊರಟನು. ಮಗ ಆ ಕಡೆಯೇ ತೀರಿಕೊಂಡನು. ಉಳಿದ ಮಗಳಿಗೆ ಏಡನ್ನಿನಲ್ಲಿ ಒಳ್ಳೆಯ ಮನೆತನದಿಂದ ಕೇಳಿಕೊಂಡು ಬಂದರೂ ಒಪ್ಪದೆ, ತನ್ನ ಸಹೋದರನ ಮಗನಿಗೇ ಕೊಡಬೇಕೆಂದು ಕಾದನು. ೧೧೫೬ರಲ್ಲಿ ಈಜಿಪ್ಟಿನಲ್ಲಿ ಆ ಮದುವೆ ನಡೆಯಿತು. ಪರದೇಶದಲ್ಲಿ ಬೆಳೆದ ಮಗಳು ನಮ್ಮವರ ಮನೆಯನ್ನೇ ಸೇರಬೇಕೆಂಬ ತಂದೆಯ ಕಳವಳ ನಮಗೇನು ಹೊಸದೆ? ಸಂಘದ ಎಲ್ಲ ಕೂಟಗಳಲ್ಲಿಯೂ ಹಿರಿಯರ ಬಾಯಲ್ಲಿ ಇದೇ ಮಾತು. ಆದರೆ ಆ ಮಗಳಿಗೆ ಮಂಗಳೂರಿನ ನೆನಪು ಏನು ಉಳಿದಿತ್ತು? ತಾಯಿಯ ನುಡಿ ನಾಲಗೆಯ ಮೇಲೆ ಎಷ್ಟು ದಿನ ಇತ್ತು? ತಿಳಿಯುವ ದಾರಿ ಇಲ್ಲ. ತಂದೆಯ ಕಡೆಯ ಭಾಷೆಗೆ ಅಕ್ಷರವಿತ್ತು, ಕಾಗದವಿತ್ತು, ಕಾಗದವನ್ನು ಕಾಪಾಡುವ ಕೋಣೆಯಿತ್ತು. ತಾಯಿಯ ಕಡೆಗೆ ಅದೊಂದೂ ಒದಗಲಿಲ್ಲ.

ನಮ್ಮ ಮನೆಗಳಲ್ಲಿ ಈಗ ನಡೆಯುತ್ತಿರುವುದು ಇದೇ ಅಲ್ಲವೆ? ಮಕ್ಕಳು ಕನ್ನಡ ಆಡುತ್ತಾರೆ. ನಾವು ಅಷ್ಟಕ್ಕೇ ಹಿಗ್ಗುತ್ತೇವೆ. ಬರಿಯ ಬಾಯಿಮಾತು ಒಂದು ತಲೆಮಾರಿಗೆ ಸಾಕು, ಎರಡನೆಯದಕ್ಕೆ ತೊದಲಾಗುತ್ತದೆ, ಮೂರನೆಯದಕ್ಕೆ ಇಲ್ಲವಾಗುತ್ತದೆ. ಅಜ್ಜಿಯರು ಬರೆದ ಪತ್ರಗಳು ಟ್ರಂಕಿನಲ್ಲಿವೆ. ಓದುವ ಮೊಮ್ಮಕ್ಕಳಿಲ್ಲದಿದ್ದರೆ ಅವು ಪತ್ರಗಳೆ, ರದ್ದಿಯೆ? ಮನೆ ಬದಲಾಯಿಸುವ ದಿನ ಕಬಾಡಿಯವನ ತಕ್ಕಡಿಗೆ ಹೋಗುವುದು ಅವೇ ಮೊದಲು.

“ಗುರುಗ್ರಾಮದ ಕಂಪನಿಯಲ್ಲಿ ಕೆಲಸ ಮಾಡುವವನಿಗೆ ಕನ್ನಡದ ಅಕ್ಷರ ಏಕೆ?” ಎಂದು ನನ್ನನ್ನು ಕೇಳಿದವರುಂಟು. “ನಮ್ಮ ಮನೆಮಾತು ತುಳು, ನಮ್ಮದು ಕೊಂಕಣಿ, ನಮಗೇಕೆ?” ಎಂದವರೂ ಉಂಟು. ಇವರಿಬ್ಬರಿಗೂ ಮಂಗಳೂರೇ ಉತ್ತರ. ಆ ಊರನ್ನು ತುಳುವರು ಕುಡ್ಲ ಎನ್ನುತ್ತಾರೆ, ಕೊಂಕಣಿಗರು ಕೊಡಿಯಾಲ್ ಎನ್ನುತ್ತಾರೆ, ಬ್ಯಾರಿಗಳು ಮೈಕಾಲ ಎನ್ನುತ್ತಾರೆ. ಅಲ್ಲಿ ಬಹಳ ಮಂದಿಗೆ ಕನ್ನಡ ತೊಟ್ಟಿಲ ಭಾಷೆಯಲ್ಲ. ಶಾಲೆಯಲ್ಲಿ, ಪೇಟೆಯಲ್ಲಿ ಕಲಿತು ತಮ್ಮದಾಗಿ ಮಾಡಿಕೊಂಡ ಭಾಷೆ. ೧೯೫೬ರ ನವೆಂಬರ್ ೧ರವರೆಗೆ ಆ ಜಿಲ್ಲೆ ಮದರಾಸಿನ ಆಡಳಿತಕ್ಕೆ ಸೇರಿತ್ತು, ಸರ್ಕಾರ ದೂರದಲ್ಲಿತ್ತು. ಆದರೂ ಕನ್ನಡದ ಮೊದಲ ಪತ್ರಿಕೆ ಹುಟ್ಟಿದುದು ಅಲ್ಲಿ. ಹೊರಡಿಸಿದವನು ಜರ್ಮನಿಯಲ್ಲಿ ಹುಟ್ಟಿ, ಬೆಳೆದ ಮೇಲೆ ಅಕ್ಷರ ತಿದ್ದಿದವನು. ನಿಘಂಟು ಬರೆದವನೂ ಹಾಗೆಯೇ. ಕಲಿತವರು ಉಳಿಸಿದ ಭಾಷೆಯನ್ನು, ಹುಟ್ಟಿನಿಂದ ಪಡೆದ ನಾವು ಕೈಬಿಡುವುದೆ?

ಫರೀದಾಬಾದಿಗೂ ಈ ಪಾಠ ಹೊಸದಲ್ಲ. ೧೯೪೭ರ ದೇಶವಿಭಜನೆಯ ತರುವಾಯ ವಾಯವ್ಯ ಗಡಿಯ ಕಡೆಯಿ೦ದ ಎಲ್ಲವನ್ನೂ ಕಳೆದುಕೊಂಡು ಬಂದವರು ಎನ್.ಐ.ಟಿ. ಬಡಾವಣೆಯನ್ನು ಕಟ್ಟಿದರು. ನಮ್ಮ ನೆರೆಯ ಮುದುಕರಲ್ಲಿ ಒಬ್ಬಿಬ್ಬರು ಇನ್ನೂ ತಮ್ಮ ಹಿಂದಿನ ಊರಿನ ನುಡಿಯಲ್ಲಿ ಮಾತಾಡಿಕೊಳ್ಳುವುದನ್ನು ಉದ್ಯಾನದಲ್ಲಿ ಕೇಳಿದ್ದೇನೆ. ಮೊಮ್ಮಕ್ಕಳು ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಅವರಿಗೆ ಹಿಂತಿರುಗಿ ನೋಡಲು ಊರೇ ಇಲ್ಲವಾಯಿತು. ನಮಗಾದರೋ ಊರು ಇದ್ದಲ್ಲಿಯೇ ಇದೆ. ನಿಜಾಮುದ್ದೀನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ, ೧೯೯೮ರಲ್ಲಿ ಪೂರ್ತಿಯಾದ ಕೊಂಕಣ ರೈಲುದಾರಿಯಲ್ಲಿ ಸುರಂಗಗಳನ್ನೂ ಹೊಳೆಗಳನ್ನೂ ದಾಟಿಸಿ ನೇರವಾಗಿ ಮಂಗಳೂರು ಜಂಕ್ಷನ್ನಿನಲ್ಲಿ ಇಳಿಸುತ್ತದೆ.

ಆದುದರಿಂದ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಒಂದು ದಿನವನ್ನು ನಂಟರಿಂದ ಕಡ ತೆಗೆದುಕೊಳ್ಳಿ. ಬೆಳೆದ ಮಕ್ಕಳ ಹೆಗಲಿಗೆ ಒಂದು ಚೀಲ, ಕೈಗೆ ಒಂದು ನೋಟು ಕೊಟ್ಟು ಕಳುಹಿಸಿ. ಮಂಗಳೂರೇ ಆಗಬೇಕೆಂದಿಲ್ಲ, ಕಾರವಾರವಾಗಲಿ, ಭಟ್ಕಳವಾಗಲಿ, ನಿಮ್ಮದೇ ತಾಲೂಕಿನ ಹಳೆಯ ಪೇಟೆಯಾಗಲಿ. ಚೀಲದಲ್ಲಿ ನೀರಿನ ಬಾಟಲಿ, ಒಂದು ಟವಲು, ಒಂದು ಕೊಡೆ, ಒಂದು ಪುಸ್ತಕ, ಒಂದು ಪೆನ್ನು ಇದ್ದರೆ ಸಾಕು. ಮೇ ತಿಂಗಳ ಕರಾವಳಿಯ ಸೆಖೆ ನಮ್ಮ ಲೂ ಗಾಳಿಗಿಂತ ಬೇರೆ ಬಗೆಯದು. ನಡುಹಗಲನ್ನು ನೆರಳಿನಲ್ಲಿ ಕಳೆಯಬೇಕು. ಮಳೆ ಹಿಡಿದರೆ ದೋಣಿ ನಿಲ್ಲುವುದುಂಟು, ಕೇಳಿಕೊಂಡು ಹೋಗಬೇಕು. ಬಸ್ಸಿನ ಬೋರ್ಡನ್ನು ಮಾತ್ರ ಅವರೇ ಓದಲಿ.

ನಮ್ಮ ಬೀದಿಯ ಆ ಹುಡುಗ ಫೆಬ್ರವರಿಯಿಂದ ಭಾನುವಾರದ ತರಗತಿಗೆ ಬರುತ್ತಿದ್ದಾನೆ. ಏಳು ವರ್ಷದ ಮಕ್ಕಳ ಪಕ್ಕದಲ್ಲಿ ಕಾಲು ಮಡಚಿ ಕುಳಿತು ಒತ್ತಕ್ಷರ ತಿದ್ದುತ್ತಾನೆ. ತಂಗಿ ನಗುತ್ತಾಳೆ, ಅವನೂ ನಗುತ್ತಾನೆ. ತರಗತಿ ಬೆಳಿಗ್ಗೆ ಹತ್ತಕ್ಕೆ. ವಯಸ್ಸಿನ ಮಿತಿಯಿಲ್ಲ, ಶುಲ್ಕವೂ ಇಲ್ಲ. ಬೇಸಿಗೆಯ ಯಾತ್ರೆ ಮುಗಿಸಿ ಬಂದ ಮಕ್ಕಳು ತಮ್ಮ ಒಂದು ದಿನದ ಲೆಕ್ಕವನ್ನು, ಅರ್ಧ ಪುಟವಾದರೂ ಸರಿ, ತಮ್ಮ ಕೈಯಿಂದಲೇ ಕನ್ನಡದಲ್ಲಿ ಬರೆದು ನಮಗೆ ತಂದುಕೊಡಲಿ. ಕಾಗುಣಿತ ನಾವು ತಿದ್ದಿಕೊಳ್ಳುತ್ತೇವೆ. ಮುಂದಿನ ಸಂಚಿಕೆಯಲ್ಲಿ ಅವಕ್ಕೆ ಜಾಗ ಕಾದಿರಿಸಿದೆ.